ಕತ್ತು ತಿರುಗಿಸಿದರೆ ಕುಂಯ್ ಎನ್ನುವ ಬೊಂಬೆ

ಮರದ ವಿಭಾಗಕ್ಕೆ ಹೊಸದಾಗಿ ಸೇರಿರುವ ಕಿರಿಯ ಸಹೋದ್ಯೋಗಿಗಳ ಅವಗಾಹನೆಗೆ.

ಮಾನ್ಯರೇ,

ಮೊಟ್ಟಮೊದಲು ನನ್ನ ಅಕ್ಷರದ ಬಗ್ಗೆಯೂ ಕಾಗುಣಿತದ ಬಗ್ಗೆಯೂ ತಮ್ಮೆಲ್ಲರ ಕ್ಷಮೆ ಕೋರುತ್ತೇನೆ. ಇಪ್ಪತ್ತು ವರ್ಷಕ್ಕೂ ಮೀರಿ ಬೊಂಬೆಗಳ ಹುಬ್ಬು ತೀಡಿದ ಕೈ ಇದು. ಅಕ್ಷರ ಬರೆದದ್ದು ರಜೆಯ ಅರ್ಜಿಗಳಲ್ಲಿ ಮತ್ತು ಮೇಲಧಿಕಾರಿಗಳಿಗೆ ಸಲ್ಲಿಸಿದ ವರದಿಗಳಲ್ಲಿ ಮಾತ್ರ. ಆದ್ದರಿಂದ ಮಹಾಪ್ರಾಣ ಇರಬೇಕಾದಲ್ಲಿ ಇಲ್ಲದೆಯೂ, ಬೇಡವಾದಲ್ಲಿ ಹಾಜರಾಗಿಯೂ ಇದ್ದಲ್ಲಿ ದಯವಿಟ್ಟು ಮನ್ನಿಸತಕ್ಕದ್ದು. ಕಚೇರಿ ಪತ್ರದ ರೀತಿಯ ಹೊರತು ಬೇರೆ ಬರವಣಿಗೆಯ ರೀತಿ ನನಗೆ ತಿಳಿಯದ ಕಾರಣ ಅದನ್ನೇ ಅನುಸರಿಸಿದ್ದೇನೆ.

ವಿಷಯ: ಬೊಂಬೆಯ ತಲೆ ಕೂರಿಸುವ ವಿಧಾನವು ನಮ್ಮ ವಿಭಾಗಕ್ಕೆ ಬಂದ ಬಗೆ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸುವುದೇನೆಂದರೆ, ನಾನು ಪೀಣ್ಯದ ಹಳೆಯ ಒಕ್ಕಲು ಮನೆತನದವನು. ನಮ್ಮ ಕಾರ್ಖಾನೆಯ ಶೆಡ್ಡು ನಿಂತಿರುವುದು ನಮ್ಮ ದಾಯಾದಿಗಳ ರಾಗಿ ಹೊಲದಲ್ಲಿ. ಈಗ ತಾವು ಲೇತಿನ ಮುಂದೆ ಕೂರುವ ಜಾಗದಲ್ಲಿ ಹಿಂದೆ ಕಣವಿತ್ತು. ನಾನು ಕೆಲಸ ಮುಗಿಸಿ ತಲೆಯ ಮೇಲೆಲ್ಲ ಮರದ ಹೊಟ್ಟು ಹೊತ್ತು ಮನೆಗೆ ಬಂದಾಗ ನಮ್ಮ ತಾಯಿಯವರು, “ನಾವು ಅಲ್ಲಿ ರಾಗಿ ತೂರ್ತಿದ್ವಿ, ನೀನು ಮರ ತೂರ್ತೀಯ. ಒಟ್ನಾಗೆ ಆ ಜಾಗ್ದಾಗೆ ಹೊಟ್ಟು ತಪ್ಪಲಿಲ್ಲ” ಎನ್ನುತ್ತಿದ್ದರು. ಚಿತ್ರಕಲೆಯಲ್ಲಿ ಡಿಪ್ಲೊಮಾ ಮಾಡಿಕೊಂಡು ಎಪ್ಪತ್ತರ ದಶಕದಲ್ಲಿ ವಿನ್ಯಾಸ ಕಲಾವಿದನಾಗಿ ಸೇರಿದೆ. ಟೈ ಕಟ್ಟುತ್ತಿದ್ದೆ. ಟೈ ಕಟ್ಟಿದವನು ಲೇತು ಮುಟ್ಟಬಾರದೆಂದು ಯಾವ ಸುತ್ತೋಲೆಯೂ ಇರಲಿಲ್ಲ. ಆದರೂ ನಾನು ಮುಟ್ಟುತ್ತಿರಲಿಲ್ಲ. ಈ ಸಂಗತಿಯನ್ನು ತಾವು ನೆನಪಿನಲ್ಲಿಡಬೇಕಾಗಿ ಕೋರುತ್ತೇನೆ. ಮುಂದೆ ಬೇಕಾಗುತ್ತದೆ.

ಆಗ ಮರದ ವಿಭಾಗದಲ್ಲಿ ಒಂಬತ್ತು ಮಂದಿ ಇದ್ದರು. ಎಲ್ಲರಿಗೂ ಹಿರಿಯರು ಖಾಸಿಂ ಸಾಬ್. ಚನ್ನಪಟ್ಟಣದಿಂದ ಬಂದವರು, ತಂದೆಯ ಕಾಲದಲ್ಲಿ ಬಿಲ್ಲಿನ ಹಗ್ಗ ಎಳೆದು ತಿರುಗಿಸುವ ಕೈ ಲೇತಿನಲ್ಲಿ ಕಲಿತು, ನಮ್ಮಲ್ಲಿ ಮೋಟಾರು ಲೇತಿಗೆ ಕೈ ಪಳಗಿಸಿಕೊಂಡವರು. ಹಾಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುವುದನ್ನು ತಾವು ದಿನವೂ ನೋಡುತ್ತೀರಿ. ಆ ಬಿಸಿ ಇಷ್ಟೇ ಇರಬೇಕೆಂದು ಹೇಳುವ ಯಂತ್ರ ಯಾವುದೂ ಇಲ್ಲ. ಖಾಸಿಂ ಸಾಬರ ಹೆಬ್ಬೆರಳು ಹೇಳುತ್ತಿತ್ತು.

ಆ ವರ್ಷ ಕಷ್ಟವೊಂದು ಒದಗಿತು. ಹೊರದೇಶಕ್ಕೆ ಕಳುಹಿಸಿದ ನಮ್ಮ ಮದುಮಗಳ ಬೊಂಬೆಗಳೆಲ್ಲ ಪೆಟ್ಟಿಗೆ ಸಮೇತ ಹಿಂದಿರುಗಿದವು. ಕಾರಣ, ತಲೆ ಕಳಚಿ ಬರುತ್ತಿತ್ತು. ನಾವು ತಲೆಯನ್ನು ಮರವಜ್ರದಿಂದ ಅಂಟಿಸುತ್ತಿದ್ದೆವು. ಅಲ್ಲಿನ ಚಳಿಗೆ ಆ ಅಂಟು ಬಿರುಕು ಬಿಡುತ್ತಿತ್ತು. ಮಗು ತಲೆಯನ್ನು ಬಾಯಿಗೆ ಹಾಕಿಕೊಂಡರೆ ಗತಿಯೇನೆಂದು ಕೊಳ್ಳುವವರು ಬರೆದಿದ್ದರು. ಅವರು ಬರೆದದ್ದು ನ್ಯಾಯವೇ.

ಇದೇ ಹೊತ್ತಿಗೆ ಪ್ಲಾಸ್ಟಿಕ್ ಬೊಂಬೆ ಎರಕ ಹೊಯ್ಯುವ ಯಂತ್ರವೊಂದನ್ನು ಜಪಾನಿನಿಂದ ತರಿಸಲು ತೀರ್ಮಾನವಾಗಿತ್ತು. ಅಚ್ಚು ಮತ್ತು ಬಣ್ಣದ ತರಬೇತಿಗೆ ಮೂರು ತಿಂಗಳು ನನ್ನನ್ನು ಕಳುಹಿಸುವುದೆಂದೂ ಆಯಿತು. ಮ್ಯಾನೇಜರ್ ಸಾಹೇಬರು ಕರೆದು ಹೇಳಿದರು:

“ನೋಡ್ರೀ ಮುನಿಕೃಷ್ಣಪ್ಪ, ಯಂತ್ರ ಬರೋದ್ರೊಳಗೆ ಮರದ ಬೊಂಬೆಗೆ ತಲೆ ನಿಲ್ಲೋ ಹಾಗೆ ಮಾಡಿದ್ರೆ ಆ ವಿಭಾಗ ಇರುತ್ತೆ. ಇಲ್ದಿದ್ರೆ ಒಂಬತ್ತು ಜನಕ್ಕೂ ಲೆಕ್ಕ ಮುಗಿಸಿ ಕಳಿಸೋದೇ. ನನ್ನ ಬೈಕೋಬೇಡಿ.”

ಈ ಮಾತು ಶೆಡ್ಡಿಗೆ ನನಗಿಂತ ಮೊದಲೇ ತಲುಪಿತ್ತು. ಖಾಸಿಂ ಸಾಬರು ಬೀಡಿ ಕಿವಿಯ ಮೇಲಿಟ್ಟುಕೊಂಡು ಬಂದು, “ಸಾರ್, ಅಲ್ಲೂ ಮರದ ಬೊಂಬೆ ಮಾಡೋರು ಇದ್ದೇ ಇರ್ತಾರೆ. ತಲೆ ಹ್ಯಾಗೆ ಕೂರಿಸ್ತಾರೆ, ಅಷ್ಟು ನೋಡ್ಕೊಂಡು ಬನ್ನಿ. ಸೆಂಟು ಗಿಂಟು ಏನೂ ಬ್ಯಾಡ” ಎಂದರು.

ಜಪಾನಿನಲ್ಲಿ ವಾರವೆಲ್ಲ ಯಂತ್ರದ ಕಾರ್ಖಾನೆಯಲ್ಲಿರುತ್ತಿದ್ದೆ. ಅದರ ವಿವರಗಳು ತರಬೇತಿ ವರದಿಯಲ್ಲಿವೆ, ಇಲ್ಲಿ ಅನವಶ್ಯಕ. ಆದರೆ ಭಾನುವಾರಗಳು! ಮಾನ್ಯರೇ, ಆ ಭಾನುವಾರಗಳನ್ನು ನೆನೆದರೆ ಈ ವಯಸ್ಸಿನಲ್ಲಿಯೂ ಕುರ್ಚಿಯ ಮೇಲೆ ಕುಳಿತಿರಲಾಗುವುದಿಲ್ಲ. ಆ ಕಾರ್ಖಾನೆಯ ಕಚೇರಿಯಲ್ಲಿ ಮಿಚಿಕೊ ಎಂಬ ಹೆಣ್ಣುಮಗಳಿದ್ದರು. ಇಂಗ್ಲಿಷ್ ಬಲ್ಲವರು; ಬೊಂಬೆಗಳೆಂದರೆ ಅವರಿಗೂ ಪ್ರಾಣ. ರೈಲಿನ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, “ಇಲ್ಲಿ ಕಾಗದದ ಹಸು, ಇಲ್ಲಿ ಬುಗುರಿ, ಇಲ್ಲಿ ಮರದ ಹುಡುಗಿ” ಎಂದು ಪೆನ್ಸಿಲಿನಿಂದ ಚುಕ್ಕೆ ಇಡುತ್ತಿದ್ದರು. ಅವರೂ ಅವರ ತಂದೆಯವರೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು.

ಮೊದಲ ಪ್ರಯಾಣ ಐಜು ಎಂಬ ಸೀಮೆಗೆ. ಮೊಣಕಾಲುದ್ದ ಹಿಮ! ನಮ್ಮ ಬಾಟಾ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿದ್ದರೂ ಕಾಲು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಲ್ಲಿ ಅಕಾಬೆಕೊ ಎಂಬ ಕೆಂಪು ಹಸುವನ್ನು ಕಾಗದದಲ್ಲಿ ಮಾಡುತ್ತಾರೆ. ಮರದ ಅಚ್ಚಿನ ಮೇಲೆ ಅಂಟು ಹಚ್ಚಿದ ಕಾಗದವನ್ನು ಪದರ ಪದರವಾಗಿ ಮೆತ್ತಿ, ಒಣಗಿದ ಮೇಲೆ ಬೆನ್ನನ್ನು ಸೀಳಿ ಅಚ್ಚನ್ನು ತೆಗೆದು, ಮತ್ತೆ ಮುಚ್ಚುತ್ತಾರೆ. ತಲೆಯನ್ನು ಬೇರೆ ಮಾಡಿ ಒಳಗಿನಿಂದ ದಾರದಲ್ಲಿ ತೂಗು ಹಾಕುತ್ತಾರೆ. ಬೆರಳು ತಾಗಿಸಿದರೆ ಸಾಕು, ಹಸು “ಹೂಂ, ಹೂಂ” ಎಂದು ತಲೆದೂಗುತ್ತದೆ. ನಾನು ಅಂಗಡಿಯವರ ಎದುರಿಗೇ ಹಸುವಿನ ಜೊತೆ ತಲೆದೂಗಿದೆ, ಅವರೂ ತಲೆದೂಗಿದರು, ಮಿಚಿಕೊ ಅವರ ತಂದೆಯವರೂ ತಲೆದೂಗಿದರು. ಮಾತೇ ಆಡದೆ ಮೂವರು ಇಷ್ಟು ಹೊತ್ತು ಒಮ್ಮತದಿಂದ ಇದ್ದುದನ್ನು ನಾನು ಯಾವ ಸಭೆಯಲ್ಲಿಯೂ ಕಂಡಿಲ್ಲ.

ಆ ಹಸುವಿನ ಮೈಮೇಲೆ ಕಪ್ಪು ಬೊಟ್ಟುಗಳಿವೆ. ಅವು ಸಿಡುಬಿನ ಗುರುತಂತೆ. ಹಸು ಮನೆಯಲ್ಲಿದ್ದರೆ ಮಕ್ಕಳಿಗೆ ಸಿಡುಬು ತಾಗದೆಂದು ಹಳಬರ ನಂಬಿಕೆ. ಊರಿಗೆ ತಂದು ತಾಯಿಯವರಿಗೆ ಇದನ್ನು ವಿವರಿಸಿದಾಗ ಅವರು ಎದ್ದು ನಿಂತುಬಿಟ್ಟರು. “ಅಮ್ಮನ್ನ ಹೊತ್ಕೊಂಡಿರೋ ಹಸೂನ ಇಂಗೆ ಪೆಟ್ಟಿಗೇಲಿ ತುರುಕ್ಕೊಂಡು ಬಂದಿದ್ದೀಯಲ್ಲೋ! ಬುದ್ಧಿ ಐತೇನೋ? ಮೊದ್ಲು ಮೊಸರನ್ನ ಇಡು” ಎಂದರು. ಎಡೆ ಇಟ್ಟು, ಬೇವಿನ ಸೊಪ್ಪು ಸಿಕ್ಕಿಸಿ, ಕುಂಕುಮ ಹಚ್ಚಿದ ಮೇಲೆ ಹಸು ತಲೆದೂಗಿತು. “ನೋಡು, ಒಪ್ಕೊಂತು” ಎಂದರು. ಆ ಹಸು ಈಗಲೂ ನಮ್ಮ ದೇವರ ಗೂಡಿನ ಪಕ್ಕದಲ್ಲಿದೆ.

ಆದರೆ ಹಸುವಿನ ತಲೆ ದಾರದ್ದು. ಖಾಸಿಂ ಸಾಬರು ಕೇಳಿದ್ದು ಮರದ ತಲೆ. ಎರಡು ತಿಂಗಳು ಕಳೆದರೂ ಅದು ಸಿಕ್ಕಿರಲಿಲ್ಲ. ಒಂಬತ್ತು ಜನರ ಮುಖಗಳು ರೈಲಿನ ಕಿಟಕಿಯಲ್ಲಿ ಸಾಲಾಗಿ ಬರುತ್ತಿದ್ದವು.

ಕಡೆಗೆ ನಾರುಕೊ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋದೆವು. ಊರಿಗೆ ಊರೇ ಗಂಧಕದ ವಾಸನೆ. ಚರಂಡಿಯಿಂದ ಹಬೆ ಏಳುತ್ತದೆ. ಅಲ್ಲಿ ಕೊಕೆಶಿ ಎಂಬ ಮರದ ಬೊಂಬೆಗಳನ್ನು ಮಾಡುತ್ತಾರೆ. ಕೈಯಿಲ್ಲ, ಕಾಲಿಲ್ಲ, ಉರುಟು ಮೈ, ದುಂಡು ತಲೆ, ಅಷ್ಟೆ. ಅಂಗಡಿಯಲ್ಲಿ ಒಂದನ್ನು ಕೈಗೆತ್ತಿಕೊಂಡು ಅಭ್ಯಾಸಬಲದಿಂದ ತಲೆಯನ್ನು ತಿರುಚಿ ನೋಡಿದೆ. ತಲೆ ತಿರುಗಿತು. ತಿರುಗಿ, “ಕುಂಯ್” ಎಂದಿತು!

ಎಳೆದೆ. ಬರಲಿಲ್ಲ. ಇನ್ನೂ ಬಲವಾಗಿ ಎಳೆದೆ. ಬರಲೇ ಇಲ್ಲ. ತಿರುಗಿಸಿದರೆ ಮತ್ತೆ “ಕುಂಯ್”. ನಾನು ಅಂಗಡಿಯಲ್ಲಿ ಕೂಗಿಕೊಂಡೆನೆಂದು ಮಿಚಿಕೊ ಅವರು ಆಮೇಲೆ ತಿಳಿಸಿದರು. ಏನೆಂದು ಕೂಗಿದೆನೆಂದು ಅವರಿಗೆ ತಿಳಿಯದು; “ಸಿಕ್ತು ಕಣ್ರೀ!” ಎಂದಿರಬೇಕು.

ಅದನ್ನು ಮಾಡಿದವರು ಓನೊ ಎಂಬ ವೃದ್ಧರು. ಅಂಗಡಿಯ ಹಿಂಭಾಗದಲ್ಲೇ ಅವರ ಕೆಲಸದ ಕೋಣೆ. ಉಳಿಗಳನ್ನು ಅವರು ತಾವೇ ಕುಲುಮೆಯಲ್ಲಿ ಕಾಸಿ ಬಡಿದುಕೊಳ್ಳುತ್ತಿದ್ದರು. ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಲೇತು. ದಿಮ್ಮಿಗೆ ಹಗ್ಗ ಸುತ್ತಿ, ಒಬ್ಬರು ಎಳೆದರೆ ಇನ್ನೊಬ್ಬರು ಉಳಿ ಹಿಡಿಯುವಂಥದ್ದು. ಚನ್ನಪಟ್ಟಣದ ಕೈ ಲೇತಿನ ಒಡಹುಟ್ಟು! ನಾನು ನೆಲದ ಮೇಲೆ ಕುಳಿತು, ಇಲ್ಲದ ಬಿಲ್ಲನ್ನು ಎಳೆದು ತೋರಿಸಿದೆ. ಓನೊ ಅವರು ನಕ್ಕು, ಅವರೂ ಕುಳಿತು, ಇಲ್ಲದ ಹಗ್ಗವನ್ನು ಎಳೆದರು.

ಅನಂತರ ಅವರು ಮೋಟಾರು ಲೇತಿಗೆ, ತಲೆ ಆಗಲೇ ಕೂರಿಸಿದ್ದ ಬೊಂಬೆಯೊಂದನ್ನು ಕಚ್ಚಿಸಿದರು. ತಿರುಗುತ್ತಿರುವ ಮೈಗೆ ಕುಂಚವನ್ನು ಅಲುಗಿಸದೆ ಹಿಡಿದರು. ಕೆಂಪು ಬಳೆ ತಾನಾಗಿಯೇ ಮೂಡಿತು. ಲೇತು ನಿಲ್ಲಿಸಿ ಕಣ್ಣು ಬರೆಯುವಾಗ ಉಸಿರು ಬಿಗಿಹಿಡಿದರು. ನಾನೂ ಕಣ್ಣು ಬರೆಯುವಾಗ ಹಾಗೆಯೇ ಮಾಡುವವನಾದ್ದರಿಂದ ಅವರೊಡನೆ ನನ್ನ ಉಸಿರೂ ನಿಂತಿತ್ತು. ಆಮೇಲೆ ಇನ್ನೊಂದು ಮೈ ಕಚ್ಚಿಸಿ, ಮೇಲ್ತುದಿಯಲ್ಲಿ ಗುಳಿ ಕೊರೆದು, ಕುತ್ತಿಗೆಯುಳ್ಳ ತಲೆಯನ್ನು ಕೈಯಲ್ಲಿ ಹಿಡಿದು, ಭರದಿಂದ ತಿರುಗುತ್ತಿದ್ದ ಆ ಗುಳಿಗೆ ಒತ್ತಿದರು. ಕಿರುಚಿದಂಥ ಸದ್ದು, ತೆಳ್ಳನೆ ಹೊಗೆ. ಕೈ ಬಿಟ್ಟರು. ತಲೆ ಕೂತಿತ್ತು! ಅಂಟಿಲ್ಲ, ಮೊಳೆಯಿಲ್ಲ.

ಆಗ ಓನೊ ಅವರು ಎದ್ದು, ಇನ್ನೊಂದು ಮೈಯನ್ನು ಕಚ್ಚಿಸಿ, ಒಂದು ತಲೆಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. “ನೀವು ಒತ್ತಿ ನೋಡಬೇಕಂತೆ” ಎಂದರು ಮಿಚಿಕೊ.

ನಾನು ಟೈ ಸರಿಪಡಿಸಿಕೊಂಡು, “ನಾನು ಕಲಾವಿದ, ಲೇತಿನವನಲ್ಲ. ನಾನು ಬರೆದುಕೊಳ್ಳುತ್ತೇನೆಂದು ದಯವಿಟ್ಟು ತಿಳಿಸಿ” ಎಂದೆ.

ಓನೊ ಅವರು ತಲೆಯನ್ನು ಮೆಲ್ಲನೆ ಕೆಳಗಿಟ್ಟು ಏನೋ ಒಂದು ಮಾತು ಹೇಳಿದರು. ಮಿಚಿಕೊ ಅದನ್ನು ಅನುವಾದಿಸಲಿಲ್ಲ. ನಾನೂ ಕೇಳಲಿಲ್ಲ, ಅಳತೆ ತೆಗೆಯುವ ಸಂಭ್ರಮದಲ್ಲಿದ್ದೆ. ಗುಳಿಯ ಆಳ, ಅಗಲ, ಕುತ್ತಿಗೆಯ ಉಬ್ಬು, ಎಲ್ಲವನ್ನೂ ಹದಿನಾಲ್ಕು ಹಾಳೆಗಳಲ್ಲಿ ಬರೆದುಕೊಂಡೆ. ನನ್ನ ವೃತ್ತಿ ಜೀವನದ ಅತಿ ದೊಡ್ಡ ತಪ್ಪು ಇದೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಊರಿಗೆ ಬಂದು ವರದಿ ಸಲ್ಲಿಸಿದೆ. ಮ್ಯಾನೇಜರ್ ಸಾಹೇಬರಿಗೆ ಹಾಳೆಗಳು ಬಹಳ ಮೆಚ್ಚುಗೆಯಾದವು. ಯಂತ್ರದ ಪೆಟ್ಟಿಗೆಗಳು ಆಗಲೇ ಅಂಗಳಕ್ಕೆ ಬಂದು ಇಳಿದಿದ್ದವು. “ಶನಿವಾರ ಮಾದರಿ ಕಳಿಸ್ಬೇಕು. ಅಷ್ಟರೊಳಗೆ ತಲೆ ನಿಂತ್ರೆ ಸರಿ” ಎಂದರು. ಅಂದು ಬುಧವಾರ.

ನನ್ನ ಅಳತೆಯಂತೆಯೇ ಮೈ ಕೊರೆದರು, ಕುತ್ತಿಗೆ ಕಡೆದರು. ಕುತ್ತಿಗೆಯ ಉಬ್ಬು ಗುಳಿಗಿಂತ ಒಂದೆಳೆ ದಪ್ಪ. ಕೊಡತಿಯಿಂದ ಬಡಿದರೆ ಮೈ ಸೀಳಿತು. ತಿರುಗಿಸುತ್ತಾ ಒತ್ತಿದರೆ ಕುತ್ತಿಗೆಯೇ ಮುರಿಯಿತು. ಒಂದು ತಲೆಯಂತೂ ಕೈಯಿಂದ ಚಿಮ್ಮಿ ತಗಡಿನ ಮಾಡಿಗೆ ಬಡಿದು, ಮ್ಯಾನೇಜರ್ ಸಾಹೇಬರ ಕೋಣೆಯ ಗಾಜು ಒಡೆಯಿತು. “ಜಪಾನ್ ಸಾರ್, ತಲೆ ಕೂತ್ಕೊಳ್ಳಲ್ಲ ಅಂತಿದೆ, ರಜಾ ಚೀಟಿ ಕೊಟ್ಟು ಹೋಯ್ತು” ಎಂದು ಯಾರೋ ಅಂದರು. ನಗು ಬಂತು. ಆದರೆ ನಕ್ಕವರೆಲ್ಲ ಅಂಗಳದ ಪೆಟ್ಟಿಗೆಗಳ ಕಡೆ ನೋಡಿ ಮತ್ತೆ ಉಳಿ ಎತ್ತಿಕೊಂಡರು.

ಗುರುವಾರವೂ ಹೋಯಿತು. ಶುಕ್ರವಾರ ಬೆಳಿಗ್ಗೆ ಖಾಸಿಂ ಸಾಬರು ನನ್ನ ಹದಿನಾಲ್ಕು ಹಾಳೆಗಳನ್ನು ಮಡಿಸಿ ನನ್ನ ಕೈಗೇ ಇಟ್ಟರು.

“ಸಾರ್, ಕೈ ಯಾವಾಗ ಬಿಟ್ರು ಅವ್ರು?”

“ಶೀಘ್ರವಾಗಿ ಅಂತ ಬರೆದಿದ್ದೀನಲ್ಲ ಸಾಬ್ರೇ.”

“ಶೀಘ್ರ ಅಂದ್ರೆ? ಬೇಗ ಬಿಟ್ರೆ ತಲೆ ಒಳಕ್ಕೆ ಹೋಗಲ್ಲ. ಒಂದು ಚೂರು ತಡ ಆದ್ರೆ ಕತ್ತು ತಿರುಚ್ಕೊಂಡು ಮುರೀತದೆ. ನೀವು ಒತ್ತಿದಾಗ ನಿಮ್ಮ ಕೈಗೆ ಏನನ್ನಿಸ್ತು?”

ಎಲ್ಲರೂ ಲೇತು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು.

“ನಾನು ಒತ್ತಲಿಲ್ಲ” ಎಂದೆ. “ಒತ್ತು ಅಂದ್ರು. ನಾನು ಕಲಾವಿದ ಅಂದ್ಬಿಟ್ಟೆ.”

ಖಾಸಿಂ ಸಾಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿವಿಯ ಮೇಲಿನ ಬೀಡಿ ತೆಗೆದು ನೋಡಿ, ಮತ್ತೆ ಅಲ್ಲಿಯೇ ಇಟ್ಟರು. “ಹೋಗ್ಲಿ ಬಿಡಿ. ನೋಡಿದ್ದಾದ್ರೂ ಹೇಳಿ. ಹಾಳೇಲಿ ಇಲ್ದೇ ಇರೋದು ಹೇಳಿ.”

ಹಾಳೆಯಲ್ಲಿ ಇಲ್ಲದ್ದು! ವರದಿಗೆ ತಕ್ಕುದಲ್ಲವೆಂದು ನಾನು ಬಿಟ್ಟಿದ್ದೇನು? “ಹುರಿಗಡಲೆ ವಾಸನೆ ಬಂತು” ಎಂದೆ. “ತಲೆ ಒತ್ತಿದಾಗ ಹುರಿಗಡಲೆ ಅಂಗಡಿ ಮುಂದೆ ನಿಂತ ಹಾಗೆ. ಆಮೇಲೆ ಸದ್ದು. ಮೊದಲು ದಪ್ಪಗೆ, ಆಮೇಲೆ ಸಣ್ಣಗೆ ಏರ್ತಾ ಏರ್ತಾ ಹೋಯ್ತು, ಥಟ್ ಅಂತ ನಿಂತ್ಹೋಯ್ತು.”

ಖಾಸಿಂ ಸಾಬರ ಕಣ್ಣು ದೊಡ್ಡದಾಯಿತು. “ಬಿಸಿ! ಅರಗು ಕರಗೋ ಬಿಸಿನೇ ಅಲ್ವೇನ್ ಸಾರ್ ಇದು? ಮರ ಬಿಸಿಯಾಗಿ ಮೆತ್ತಗಾದಾಗ ಉಬ್ಬು ಒಳಕ್ಕೆ ಜಾರ್ತದೆ, ತಣ್ಣಗಾದ್ಮೇಲೆ ಈಚೆಗೆ ಬರಲ್ಲ! ನಾವು ಬಿಸಿ ಏರೋಕ್ ಮುಂಚೇನೇ ಗುದ್ದಿ ಒತ್ತುತಾ ಇದ್ವಿ.” ಸಾಬರು ಲೇತಿನ ಮುಂದೆ ಕುಳಿತು ನನ್ನ ಕಡೆ ತಿರುಗಿ, “ಸದ್ದು ಮಾಡಿ” ಎಂದರು.

“ಏನಂದ್ರಿ?”

“ಆ ಸದ್ದು ನೀವು ಕೇಳಿದ್ದೀರಿ, ನಾವ್ ಕೇಳಿಲ್ಲ. ಬಾಯಲ್ಲಿ ಮಾಡಿ ಸಾರ್. ನಾನು ಅದಕ್ಕೆ ಸರಿಯಾಗಿ ಒತ್ತೀನಿ.”

ಮಾನ್ಯರೇ, ಟೈ ಕಟ್ಟಿದ ಕಲಾವಿದನೊಬ್ಬ ಒಂಬತ್ತು ಜನರ ಮುಂದೆ ನಿಂತು, “ಗ್ರೂಂ... ಗ್ರೀಂ... ಕೀಂ... ಟಕ್!” ಎಂದು ಕಿರುಚಿದ್ದನ್ನು ತಾವು ಊಹಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಮೊದಲ ಸಲ ನಾಚಿಕೆಯಿಂದ ಮೆಲ್ಲಗೆ ಮಾಡಿದೆ, ತಲೆ ಮುರಿಯಿತು. “ಜೋರಾಗಿ ಸಾರ್! ಮೋಟಾರ್ ಸದ್ದಲ್ಲಿ ನೀವೇನಂತೀರೋ ಕೇಳಲ್ಲ” ಎಂದರು. ಎರಡನೆಯ ಸಲ ಜೋರಾಗಿ ಮಾಡಿದೆ. ಹೊಗೆ ಹೆಚ್ಚಿ ಕುತ್ತಿಗೆ ಕರಿದಾಯಿತು. ಮೂರನೆಯ ಸಲ ಕಣ್ಣು ಮುಚ್ಚಿ, ನಾರುಕೊದ ಕೋಣೆಯಲ್ಲೇ ನಿಂತಂತೆ ಭಾವಿಸಿ ಕೂಗಿದೆ. ಅರ್ಧದಲ್ಲಿ ನನ್ನ ಸದ್ದೂ ಮರದ ಸದ್ದೂ ಒಂದಾದದ್ದು ಕೇಳಿಸಿತು. ಮರವೇ ನನ್ನನ್ನು ಮೀರಿ ಮೇಲೇರಿತು. ಹುರಿಗಡಲೆ! ಅದೇ ವಾಸನೆ! “ಈಗ!” ಎಂದೆ. ಆದರೆ ಖಾಸಿಂ ಸಾಬರು ಅದಾಗಲೇ ಕೈ ಬಿಟ್ಟಾಗಿತ್ತು.

ಲೇತು ನಿಂತಿತು. ತಲೆ ಮೈಯ ಮೇಲೆ ನೆಟ್ಟಗೆ ಕೂತಿತ್ತು. ಆರುವವರೆಗೆ ಯಾರೂ ಮುಟ್ಟಲಿಲ್ಲ. ಕಡೆಗೆ ಸಾಬರು ಅದನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ತಿರುಗಿಸಿದರು.

ಕುಂಯ್.

ಆ ಶೆಡ್ಡಿನಲ್ಲಿ ಎದ್ದ ಕೂಗಿಗೆ ಮ್ಯಾನೇಜರ್ ಸಾಹೇಬರು ಬೆಂಕಿ ಬಿತ್ತೆಂದು ಓಡಿ ಬಂದರು. ಅವರ ಕೈಗೆ ಬೊಂಬೆ ಕೊಟ್ಟೆವು. ಎಳೆದರು. ಎರಡು ಕೈಯಲ್ಲಿ ಎಳೆದರು. ಬೂಟುಗಾಲನ್ನು ಮೇಜಿಗೆ ಊರಿ ಎಳೆದರು. ಮೇಜು ಸರಿಯಿತೇ ಹೊರತು ತಲೆ ಬರಲಿಲ್ಲ. ಮುಖ ಕೆಂಪಾಗಿ, “ಏನ್ರೀ ಮಾಡಿದ್ರಿ ಇದಕ್ಕೆ?” ಎಂದರು.

ಖಾಸಿಂ ಸಾಬರು ಹೇಳಿದರು: “ಸಾರ್ ಹಾಡಿದ್ರು, ತಲೆ ಕೂತ್ಕೊಂತು.”

ಶನಿವಾರ ಮಾದರಿಗಳು ಹೋದವು. ಬಣ್ಣ ಹಚ್ಚಿದ ಮೇಲೆ ತಲೆ ಕೂರಿಸಿದರೆ ಅರಗು ಕರಗಿ ಕತ್ತು ತಿರುಗದೆಂದು ತಿಳಿಯಲು ಇನ್ನೂ ಹತ್ತಾರು ಬೊಂಬೆ ಹಾಳಾದವು. ಆದ್ದರಿಂದಲೇ ಮೊದಲು ತಲೆ, ಆಮೇಲೆ ಬಣ್ಣವೆಂಬ ಪದ್ಧತಿ ನಮ್ಮಲ್ಲಿದೆ. ಕೊಳ್ಳುವವರಿಂದ ಒಪ್ಪಿಗೆ ಪತ್ರ ಬಂತು. ಜೊತೆಗೆ, ಆ ಸದ್ದನ್ನು ನಿಲ್ಲಿಸಲು ಸಾಧ್ಯವೇ ಎಂದೂ ಕೇಳಿದ್ದರು. “ಬೊಂಬೆ ಬಾಯಿ ಬಿಡೋದೇ ಒಂದು ಅಕ್ಷರ. ಅದ್ನೂ ಮುಚ್ಚಿಸ್ಬೇಕಾ?” ಎಂದು ಸಾಬರು ಕೇಳಿದರು. ಸದ್ದು ಬೊಂಬೆಯ ಗುಣವೆಂದೂ ದೋಷವಲ್ಲವೆಂದೂ ನಾನು ಉತ್ತರ ಬರೆದೆ.

ಪ್ಲಾಸ್ಟಿಕ್ ಯಂತ್ರವೂ ಪೆಟ್ಟಿಗೆಯಿಂದ ಹೊರಬಂದು ಪಕ್ಕದ ಶೆಡ್ಡಿನಲ್ಲಿ ಕೂತಿತು. ಒಂಬತ್ತರಲ್ಲಿ ಇಬ್ಬರು ತಾವಾಗಿಯೇ ಕೇಳಿಕೊಂಡು ಅತ್ತ ಹೋದರು. ಉಳಿದ ಏಳು ಲೇತು ನಿಲ್ಲಲಿಲ್ಲ. ಇಂದು ತಾವು ಕುಳಿತಿರುವುದು ಆ ಏಳರ ಮುಂದೆಯೇ.

ನಾನು ಓನೊ ಅವರಿಗೆ ನಮ್ಮ ಮದುಮಗಳ ಬೊಂಬೆಯೊಂದನ್ನು ಕಳುಹಿಸಿ, ನಡೆದದ್ದನ್ನೆಲ್ಲ ಬರೆದು, ಅಂದು ಅವರು ಹೇಳಿದ ಮಾತೇನೆಂದು ಮಿಚಿಕೊ ಅವರನ್ನು ಕೇಳಿದೆ. ಉತ್ತರ ಬರಲು ಬಹಳ ಕಾಲ ಹಿಡಿಯಿತು. ಓನೊ ಅವರು ಬೊಂಬೆಯ ಕತ್ತನ್ನು ತಿರುಗಿಸಿ ಕಿವಿಗೊಟ್ಟು ಕೇಳಿ, ಅಂಗಡಿಯ ಮೊದಲ ಸಾಲಿನಲ್ಲಿ ಇಟ್ಟಿದ್ದಾರೆಂದು ಬರೆದಿದ್ದರು. ಅಂದಿನ ಮಾತು ಇಷ್ಟೇ: “ಹಾಗಾದರೆ ಈ ತಲೆ ಇವರಿಗಾಗಿ ಇಲ್ಲೇ ಇರಲಿ. ಇನ್ನೊಮ್ಮೆ ಬಂದಾಗ ಒತ್ತಲಿ.”

ನಾನು ಮತ್ತೆ ಹೋಗಲಾಗಲಿಲ್ಲ.

ನನ್ನ ನಿವೃತ್ತಿಯ ದಿನ ಹಾರ, ಭಾಷಣ ಎಲ್ಲ ಮುಗಿದ ಮೇಲೆ, ನನಗಿಂತ ಮೊದಲೇ ನಿವೃತ್ತರಾಗಿದ್ದ ಖಾಸಿಂ ಸಾಬರು ನನ್ನ ಟೈ ಬಿಚ್ಚಿಸಿ ಲೇತಿನ ಮುಂದೆ ಕೂರಿಸಿದರು. ಒಂದು ಮೈ ಕಚ್ಚಿಸಿ, ತಲೆಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ಓನೊ ಅವರು ಹಿಡಿದಿದ್ದಂತೆಯೇ! ಸಾಬರಿಗೆ ಅದನ್ನು ಯಾರೂ ಹೇಳಿರಲಿಲ್ಲ. “ಒತ್ತಿ ಸಾರ್. ಈವತ್ತು ನಾನು ಹಾಡ್ತೀನಿ” ಎಂದರು.

ಒತ್ತಿದೆ. ಮರ ಅಂಗೈಯೊಳಗೆ ಗುಬ್ಬಚ್ಚಿಯಂತೆ ನಡುಗಿತು, ಮೆತ್ತಗಾಯಿತು, ಥಟ್ಟನೆ ಒಳಕ್ಕೆ ಇಳಿಯಿತು. ಅಷ್ಟು ವರ್ಷ ಹಾಳೆಯಲ್ಲಿ ಬರೆಯಲಾಗದಿದ್ದುದು ಇದೇ! ಆ ಸಂತೋಷದಲ್ಲಿ ಕೈ ಬಿಡುವುದು ಒಂದು ಚೂರು ತಡವಾಯಿತು. ತಲೆ ಕೂತಿತು, ಆದರೆ ವಾರೆಯಾಗಿ, ಯಾರೋ ಕರೆದರೆಂದು ತಿರುಗಿ ನೋಡುತ್ತಿರುವಂತೆ.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆ. ಯಾರಾದರೂ ಕೆಲಸ ತೋರಿಸಿ “ನೀನೂ ಮಾಡು” ಎಂದರೆ ಮೊದಲು ಕೈ ನೀಡಿ; ಹಾಳೆ, ಪೆನ್ಸಿಲು ಆಮೇಲೆ ತೆಗೆಯಬಹುದು. ವರದಿ ಬರೆಯುವಾಗ ವಾಸನೆಯನ್ನೂ ಸದ್ದನ್ನೂ ಬಿಡಬೇಡಿ.

ಸದರಿ ಬೊಂಬೆಯನ್ನು ಈ ಪತ್ರದೊಂದಿಗೆ ಅಡಕವಾಗಿ ಕಳುಹಿಸಿದ್ದೇನೆ. ವಿಭಾಗದ ಕಿಟಕಿಯ ಮೇಲೆ ಇಡಬಹುದು. ನನ್ನ ಬರಹದಲ್ಲಿ ಕಂಡುಬರುವ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ನಿರ್ದಾಕ್ಷಿಣ್ಯವಾಗಿ ತಿದ್ದಬೇಕಾಗಿ ಪ್ರಾರ್ಥಿಸುತ್ತೇನೆ. ಬೊಂಬೆಯ ಕತ್ತನ್ನು ಮಾತ್ರ ತಿದ್ದಬೇಡಿ. ಒಮ್ಮೆ ತಿರುಗಿಸಿ, ಕೇಳಿ.

ತಮ್ಮ ವಿಶ್ವಾಸಿ,
ಮುನಿಕೃಷ್ಣಪ್ಪ
ವಿನ್ಯಾಸ ಕಲಾವಿದ (ನಿವೃತ್ತ)

ಅಡಕ: ಬೊಂಬೆ, ಒಂದು. ಕತ್ತು ವಾರೆ.